ಕಾಗದದ ಮೇಲೆ ಕಾಣದ ನಾಲ್ಕು ಸಾಲು

೨೦೦೧ರ ಮಾರ್ಚ್ ೨೮, ಬೆಳಿಗ್ಗೆ ೧೧.೧೦. ಕಮರಿಪೇಟೆಯ ನೇಕಾರರ ಸಂಘದ ಕಾರ್ಯದರ್ಶಿ ಏದುಸಿರು ಬಿಡುತ್ತ ಠಾಣೆಗೆ ಬಂದರು. ಯುಗಾದಿ ಶುಭಾಶಯದ ಇಮೇಲಿನಲ್ಲಿದ್ದ ಬಟನ್ ಒತ್ತಿದ್ದೇ ತಡ, ನಾಲ್ಕುನೂರು ನೇಕಾರರ ಪಟ್ಟಿ ಕಂಪ್ಯೂಟರಿನಿಂದ ಮಾಯವಾಗಿತ್ತು. ಒತ್ತಿದವಳು ಗುಮಾಸ್ತೆ ಅಬೀದಾ. ಅವಳನ್ನು ಆಗಲೇ ಕೆಲಸದಿಂದ ತೆಗೆದಿದ್ದರು.

ಎಫ್‌ಐಆರ್ ಆಯಿತು. ಇನ್‌ಸ್ಪೆಕ್ಟರ್ ಶಿದ್ದಪ್ಪನವರಿಗೆ ಕಂಪ್ಯೂಟರಿನ ಗಂಧಗಾಳಿ ಗೊತ್ತಿರಲಿಲ್ಲ. ಅದನ್ನು ಕಲಿತಿದ್ದ ಕಾನ್‌ಸ್ಟೇಬಲ್ ಜರೀನಾಳನ್ನು ಕರೆದುಕೊಂಡು ಸಂಘಕ್ಕೆ ಹೋದರು. ಅಬೀದಾಳನ್ನೂ ಕರೆಸಿದರು.

"ಕಂಡಕಂಡ ಬಟನ್ ಯಾಕ ಒತ್ತಿದಿ?" ಶಿದ್ದಪ್ಪ ಕೇಳಿದರು.

"ಬಂದ ಪತ್ರ ಎಲ್ಲಾ ಪ್ರಿಂಟ್ ತಗದು ಕಾರ್ಯದರ್ಶಿಯವರಿಗೆ ತೋರಸ್ತೇನ್ರಿ. ಅವರು ಸಹಿ ಹಾಕಿದ ಮ್ಯಾಲನ ಒತ್ತೇನ್ರಿ."

ಕಡತದಲ್ಲಿ ಹಾಳೆ ಇತ್ತು. ಮಾವಿನ ತೋರಣದ ಚಿತ್ರ, ಕೆಳಗೆ ಬಟನ್, ಅದರ ಕೆಳಗೆ ಕಾರ್ಯದರ್ಶಿಯ ಸಹಿ: "ಅಪಾಯವಿಲ್ಲ." ಶಿದ್ದಪ್ಪನವರಿಗೆ ನಗು ಬಂತು. ಅಬೀದಾಳ ಕೆಂಪಾದ ಕಣ್ಣು ನೋಡಿ ನುಂಗಿಕೊಂಡರು.

ಪಂಚರ ಎದುರು ಜರೀನಾ ಮೊದಲು ಇಂಟರ್ನೆಟ್ ಕಡಿಯಲು ಫೋನಿನ ತಂತಿ ಕಿತ್ತಳು. ಆಮೇಲೆ ಚಿತ್ರ ಬಿಟ್ಟು, ಪತ್ರದ ಒಳಗಿನ ಬರಿಯ ಅಕ್ಷರಗಳನ್ನು ತೆರೆದಳು. ಬಟನ್ನಿನ ಹಿಂದೆ ನಾಲ್ಕು ಸಾಲಿನ ಆಜ್ಞೆ ಅಡಗಿತ್ತು.

"ಕಾಗದದ ಮ್ಯಾಲೆ ಇವು ಬರಂಗಿಲ್ರಿ ಸರ್. ಆದ್ರ ಪಟ್ಟಿ ಅಳಿಸಿಲ್ರಿ, ಬ್ಯಾರೆ ಕಡೆ ಬಚ್ಚಿಟ್ಟಾರ."

೧೨.೪೦ಕ್ಕೆ ಪಂಚನಾಮೆ ಮುಗಿಯುವಷ್ಟರಲ್ಲಿ ಪಟ್ಟಿ ಸಿಕ್ಕಿತು.

ಕದಿಯದೆ, ಕೆಡಿಸದೆ ಬಚ್ಚಿಡುವ ಈ ಭೂಪ ಯಾರು? ಶಿದ್ದಪ್ಪ ಅದೇ ಕಡತವನ್ನು ಹಿಂದಕ್ಕೆ ತಿರುವಿದರು. ಸಂಘಕ್ಕೆ ಕಂಪ್ಯೂಟರ್ ಕೂರಿಸಿಕೊಟ್ಟ ಬೀರಲಿಂಗನ ಮೂರು ಇಮೇಲ್ ಸಿಕ್ಕವು. "ಪತ್ರದೊಳಗೆ ಅಡಗಿ ಬರುವ ಆಜ್ಞೆ ನಡೆಯದಂತೆ ಬಂದ್ ಮಾಡಿಸಿರಿ. ಚಿತ್ರ ನೋಡಿ ನಂಬಬೇಡಿರಿ." ಮೂರರ ಮೇಲೂ ಕಾರ್ಯದರ್ಶಿಯ ಸಹಿ: "ನೋಡಿದೆ. ಕಡತಕ್ಕೆ."

ಸಂಜೆ ನಾಲ್ಕಕ್ಕೆ ಬೀರಲಿಂಗನ ಅಂಗಡಿ ಮುಟ್ಟಿದರು.

"ಕಳಿಸಿದವ ನೀನ ಏನು?"

"ಹೌದ್ರಿ. ಹೇಳಿ ಹೇಳಿ ಸಾಕಾಗಿತ್ತು. ಕಾರ್ಯದರ್ಶಿಗೆ ಒಮ್ಮೆ ಬಿಸಿ ಮುಟ್ಟಲಿ ಅಂತ ಮಾಡಿದೆ."

"ಮುಟ್ಟಿದ್ದು ಅಬೀದಾಗ. ನೌಕರಿ ಹೋಗೇತಿ."

ಬೀರಲಿಂಗ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. "ಅಕಿದೇನೂ ತಪ್ಪಿಲ್ರಿ. ಬರದು ಕೊಡತೇನಿ."

೪.೨೫ಕ್ಕೆ ಬಂಧನವಾಯಿತು. ಅವನ ಹೇಳಿಕೆ ಮತ್ತು ಆ ಮೂರು ಹಾಳೆಗಳನ್ನು ಶಿದ್ದಪ್ಪ ಕಾರ್ಯದರ್ಶಿಯ ಮುಂದಿಟ್ಟರು. ಕಾರ್ಯದರ್ಶಿ ಅಬೀದಾಳನ್ನು ಮರಳಿ ಕೆಲಸಕ್ಕೆ ಕರೆದು ಆದೇಶ ಬರೆದರು.

"ಇನ್ನ ಮ್ಯಾಲೆ ಪ್ರಿಂಟ್ ತರಂಗಿಲ್ರಿ," ಅಬೀದಾ ಕಾರ್ಯದರ್ಶಿಗೆ ಮೆಲ್ಲಗೆ ಹೇಳಿದಳು. "ನೀವ ಕಂಪ್ಯೂಟರ್ ಕಡೆ ಬರ್ರಿ, ತೋರಸ್ತೇನಿ."

ಠಾಣೆಯಲ್ಲಿ ಜರೀನಾ ವರದಿ ಬರೆದಳು. ಅಪರಾಧದ ಕಾರಣ: ಎಚ್ಚರಿಸಿದ ಮಾತನ್ನು ಯಾರೂ ಓದಲಿಲ್ಲವೆಂಬ ಸಂಕಟ. ಶಿದ್ದಪ್ಪ ರೂಢಿಯಂತೆ ಸಹಿಗೆ ಪೆನ್ನು ತೆಗೆದರು. ಆಮೇಲೆ ಅದನ್ನು ಬದಿಗಿಟ್ಟು, ವರದಿಯನ್ನು ಮೊದಲ ಸಾಲಿನಿಂದ ಓದತೊಡಗಿದರು.