ಜಲಜಾಕ್ಷಿಯ ಹದಿನೈದು ನಿಮಿಷ

2013ರ ನವೆಂಬರ್ 22, ಶುಕ್ರವಾರ, ಬೆಳಿಗ್ಗೆ 9.40. ಡೊಂಬಿವಲಿ ಪೂರ್ವದ ಪೊಲೀಸ್ ಠಾಣೆಗೆ ಇಬ್ಬರು ದೂರು ತಂದರು. ಒಬ್ಬಾಕೆ ಸೀವುಡ್ಸ್‌ನಲ್ಲಿರುವ ಇತಿಹಾಸದ ಉಪನ್ಯಾಸಕಿ ಪ್ರಣೀತಾ. ಜೊತೆಗಿದ್ದವರು ಡೊಂಬಿವಲಿಯ ಕನ್ನಡ ಸಂಘದ ಕಾರ್ಯದರ್ಶಿ ಪುಂಡರೀಕಾಕ್ಷ. ಹಿಂದಿನ ದಿನದವರೆಗೆ ಸಂಘದ ಕಪಾಟಿನಲ್ಲಿದ್ದ ಹಳೆಯ ಸಿನಿಮಾ ರೀಲು ಕಾಣೆಯಾಗಿತ್ತು.

"ಯಾರ ಸಿನಿಮಾ?" ಇನ್‌ಸ್ಪೆಕ್ಟರ್ ಯತಿನ್ ಪುತ್ರನ್ ಕೇಳಿದರು.

"ಜಲಜಾಕ್ಷಿ ಅಂತ ಸರ್, ಉಡುಪಿ ಕಡೆಯವರು. ಮೂಕಿ ಚಿತ್ರದ ಕಾಲದಲ್ಲಿ ತಾವೇ ಕ್ಯಾಮೆರಾದ ಹಿಡಿ ತಿರುಗಿಸಿ ಸಿನಿಮಾ ಮಾಡಿದವರು. ಯಾವ ಪುಸ್ತಕದಲ್ಲೂ ಅವರ ಹೆಸರಿಲ್ಲ. ಆರು ವರ್ಷ ಹುಡುಕಿದೆ. ಥಾಣೆಯ ಗುಜರಿ ಅಂಗಡಿಯಲ್ಲಿ ಸಿಕ್ಕಿದ್ದು ಇದೊಂದೇ, ಬರೀ ಹದಿನೈದು ನಿಮಿಷ. ಇದೂ ಹೋದರೆ ಅವರು ಸಿನಿಮಾ ಮಾಡಿದ್ದರು ಅನ್ನೋದಕ್ಕೆ ಸಾಕ್ಷಿಯೇ ಇರಲ್ಲ."

"ಭಾನುವಾರ ಪ್ರದರ್ಶನ," ಎಂದರು ಪುಂಡರೀಕಾಕ್ಷ. "ಹಳೇ ಪ್ರೊಜೆಕ್ಟರ್ ತರಿಸಿ ಆಗಿದೆ. ಇವತ್ತು ಟ್ರಯಲ್ ಇತ್ತು. ಇನ್ನೂರು ಜನ ಬರ್ತಾರೆ, ನನ್ನ ಮರ್ಯಾದೆ ಏನಾಗ್ಬೇಕು?"

10.15ಕ್ಕೆ ಎಫ್‌ಐಆರ್ ದಾಖಲಾಯಿತು: ಕಲಂ 380, ಕಟ್ಟಡದೊಳಗಿನ ಕಳವು.

11 ಗಂಟೆಗೆ ಸ್ಥಳ ಪಂಚನಾಮೆ. ಬೀಗ ಒಡೆದಿರಲಿಲ್ಲ. ಕೀಲಿ ಗಣಪತಿ ಪಟದ ಹಿಂದಿನ ಮೊಳೆಯಲ್ಲೇ ಇತ್ತು. ಡೊಂಬಿವಲಿಯ ಅರ್ಧ ಕಪಾಟುಗಳ ಕೀಲಿ ಇರುವುದೂ ಅಲ್ಲೇ ಬಿಡಿ. ರೀಲಿನ ಜೊತೆಗಿದ್ದ ಎಂಟು ಫೋಟೋಗಳು ಮಾತ್ರ ಹೋಗಿರಲಿಲ್ಲ. ಅವನ್ನು ಯಾರೋ ಪೇಪರಿನಲ್ಲಿ ಸುತ್ತಿ, ಬಿಳಿ ನೂಲು ಬಿಗಿದು, ಅಚ್ಚುಕಟ್ಟಾಗಿ ಇಟ್ಟಿದ್ದರು.

"ಇದನ್ನು ಕಟ್ಟಿದ್ದು ನೀವಾ?"

"ಇಲ್ಲ ಸರ್. ನಾನು ಹಾಗೇ ಬಿಡಿಯಾಗಿ ಇಟ್ಟಿದ್ದೆ."

ಗಡಿಯ ಜತ್ ತಾಲೂಕಿನಿಂದ ಬಂದ ಹವಾಲ್ದಾರ ಬಾಲಪ್ಪ ಹಣೆ ಚಚ್ಚಿಕೊಂಡ. "ಎಂಥಾ ಕಳ್ಳ ರೀ ಸಾಹೇಬ್ರ ಇಂವ! ಬ್ಯಾಡಾದ ಸಾಮಾನಿಗೆ ಪ್ಯಾಕಿಂಗ್ ಮಾಡಿಟ್ಟು ಹೋಗ್ಯಾನಲ್ಲ!"

ಯತಿನ್ ಕಟ್ಟನ್ನು ತಿರುಗಿಸಿ ನೋಡಿದರು. ಅಡ್ಡ ಮೂರು ಸುತ್ತು, ಉದ್ದ ಎರಡು. ಗಂಟಿಲ್ಲ, ನೂಲಿನ ತುದಿಯನ್ನು ಸುತ್ತಿನಡಿ ತುರುಕಿತ್ತು. ಕಲ್ಯಾಣದಲ್ಲಿ ಅಪ್ಪನ ಹೋಟೆಲಿನ ಗಲ್ಲಾದ ಪಕ್ಕ ಕೂತು ಬೆಳೆದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಇದು ಉಡುಪಿ ಹೋಟೆಲಿನ ಪಾರ್ಸೆಲ್ ಕಟ್ಟು. ಸುತ್ತು ಎಡಕ್ಕೆ ತಿರುಗಿತ್ತು, ಕಟ್ಟಿದವನು ಎಡಚ.

"ನಿನ್ನೆ ಸಂಘಕ್ಕೆ ತಿಂಡಿ ಎಲ್ಲಿಂದ ಬಂತು?"

"ಸ್ಟೇಷನ್ ಹತ್ತಿರದ ಹೋಟೆಲಿಂದ. ಪಾರ್ಸೆಲಿನ ದಯಾನಂದನೇ ತಂದುಕೊಟ್ಟ," ಎಂದರು ಪುಂಡರೀಕಾಕ್ಷ.

12.30ಕ್ಕೆ ಬಾಲಪ್ಪ ಆ ಹೋಟೆಲಿನಿಂದ ಒಂದು ಪ್ಲೇಟು ಇಡ್ಲಿ ಕಟ್ಟಿಸಿ ತಂದ. ಎರಡು ಕಟ್ಟುಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ಒಂದೇ ಕೈ. ನೋಡಿದ್ದಾದ ಮೇಲೆ ಇಡ್ಲಿ ಬಾಲಪ್ಪನ ಪಾಲಾಯಿತು.

1.45. ಯತಿನ್ ಇಬ್ಬರು ಪಂಚರನ್ನೂ ದೂರುದಾರರನ್ನೂ ಕರೆದುಕೊಂಡು ಹೋಟೆಲಿಗೆ ಹೋದರು. ದಯಾನಂದನಿಗೆ ಅರವತ್ತಮೂರು. ಪೊಲೀಸರನ್ನು ಕಂಡು ಓಡಲಿಲ್ಲ, ಕೈಯಲ್ಲಿದ್ದ ವಡೆಯ ಪಾರ್ಸೆಲ್ ಕಟ್ಟಿ ಮುಗಿಸಿದರು.

"ದಯಾನಂದಣ್ಣ, ರೀಲು ಎಲ್ಲಿ?"

"ಒಳಗಿನ ಫ್ರಿಜ್ಜಿನಲ್ಲಿ ಉಂಟು ಸರ್. ತಂಪಲ್ಲಿರಬೇಕು ಅದು."

"ಯಾಕೆ ಕದ್ದಿರಿ?"

"ಕದಿಯದೆ ಮತ್ತೆಂಥ ಮಾಡುದು ಮಾರಾಯ್ರೆ? ಆ ಕಾಲದ ಫಿಲ್ಮು ಅದು, ಪ್ರೊಜೆಕ್ಟರಿನ ಬಿಸಿ ದೀಪಕ್ಕೆ ಒಡ್ಡಿದರೆ ಹೊತ್ತಿಕೊಳ್ತದೆ, ಒಮ್ಮೆ ಹೊತ್ತಿದರೆ ನೀರಿಗೂ ನಂದುದಿಲ್ಲ. ಬುಧವಾರವೇ ಇವರಿಗೆ ಹೇಳಿದೆ. 'ಪಾರ್ಸೆಲ್ ಕಟ್ಟುವವನಿಗೆ ಸಿನಿಮಾದ ಉಸಾಬರಿ ಯಾಕೆ' ಅಂತ ನಗಾಡಿದರು."

ಪುಂಡರೀಕಾಕ್ಷ ಕತ್ತು ತಗ್ಗಿಸಿದರು. ಪ್ರಣೀತಾ ಸಣ್ಣ ದನಿಯಲ್ಲಿ ಹೇಳಿದಳು, "ನನಗೂ ಅನುಮಾನ ಇತ್ತು ಸರ್. ಪ್ರೊಜೆಕ್ಟರಿನವನು 'ಚಲ್ತಾ ಹೈ ಮೇಡಂ' ಅಂದ. ಒಪ್ಪಿಬಿಟ್ಟೆ."

ರೀಲಿನಿಂದ ಉದುರಿದ್ದ ಉಗುರಷ್ಟು ಚೂರೊಂದು ಅವಳ ಪರ್ಸಿನಲ್ಲಿತ್ತು. ಮಾತು ನಿಜವೇ ಎಂದು ನೋಡಲು ಅದನ್ನು ಹೋಟೆಲಿನ ಹಿಂದೆ ಒಗೆಯುವ ಕಲ್ಲಿನ ಮೇಲಿಟ್ಟು ಬಾಲಪ್ಪ ಕಡ್ಡಿ ಗೀರಿದ. ಭಗ್! ಕಡ್ಡಿ ತಾಗಿತೋ ಇಲ್ಲವೋ, ಚೂರೇ ಇರಲಿಲ್ಲ. "ಯವ್ವಾ!" ಎಂದು ಬಾಲಪ್ಪ ಎರಡು ಹೆಜ್ಜೆ ಹಿಂದೆ ಹಾರಿದ.

"ಇನ್ನೂರು ಕುರ್ಚಿ," ಎಂದು ಪುಂಡರೀಕಾಕ್ಷ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತರು. "ಒಂದೇ ಬಾಗಿಲು." ಆಮೇಲೆ ಎದ್ದು ಬಂದು ದಯಾನಂದನ ಎರಡೂ ಕೈ ಹಿಡಿದುಕೊಂಡರು.

"ಇದೆಲ್ಲ ನಿಮಗೆ ಹೇಗೆ ಗೊತ್ತು?" ಯತಿನ್ ಕೇಳಿದರು.

"ಜಲಜಾಕ್ಷಿ ಅಮ್ಮನೇ ಹೇಳಿದ್ದು. ಸಂಘದ ಗೋಡೆಗೆ ಹಚ್ಚಿದ ಪೋಸ್ಟರಿನಲ್ಲಿ ಅವರ ಫೋಟೋ ನೋಡಿದ ಕೂಡಲೇ ಗುರ್ತ ಸಿಕ್ಕಿತು. ಅರವತ್ತೇಳರಲ್ಲಿ ಕಲ್ಯಾಣದ ಚಾಳಿನಲ್ಲಿ ಖಾನಾವಳಿ ನಡೆಸ್ತಿದ್ದರು. ನಾನು ಊರಿಂದ ಬಂದವನು, ಹದಿನೇಳು ವರ್ಷ, ಟೈಫಾಯ್ಡ್ ಆಯ್ತು. ಇಪ್ಪತ್ತೊಂದು ದಿನ ಗಂಜಿ ಉಣಿಸಿದರು. ಎಡಗೈ ಪೂರಾ ಸುಟ್ಟು ಮುದುಡಿತ್ತು. ಕೇಳಿದ್ದಕ್ಕೆ, 'ಮಾಡಿದ ಸಿನಿಮಾ ಎಲ್ಲಾ ಸುಟ್ಟುಹೋಯ್ತು ಮಗಾ, ಬೆಂಕಿಗೆ ಕೈ ಹಾಕಿ ಒಂದು ಡಬ್ಬಿ ಎಳಕೊಂಡೆ' ಅಂದರು. ಇದೇ ಆ ಡಬ್ಬಿ."

ಪ್ರಣೀತಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆರು ವರ್ಷದಲ್ಲಿ ಜಲಜಾಕ್ಷಿಯನ್ನು ಕಣ್ಣಾರೆ ಕಂಡವರೊಬ್ಬರು ಅವಳಿಗೆ ಸಿಕ್ಕಿದ್ದು ಅದೇ ಮೊದಲು.

2.50. ಜಪ್ತಿ ಪಂಚನಾಮೆ. ಫ್ರಿಜ್ಜಿನಲ್ಲಿ ಕರಿಬೇವಿನ ಹಿಂದೆ, ಒಗೆದ ಪಂಚೆಯಲ್ಲಿ ಸುತ್ತಿ ಇಟ್ಟ ಡಬ್ಬಿ. ಮಾಲು ಗುರುತಿಸಲು ಪ್ರಣೀತಾ ಕೈಗವಸು ತೊಟ್ಟು ರೀಲಿನ ತುದಿಯನ್ನು ಮೆಲ್ಲಗೆ ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದಳು.

"ನೀವು ನೋಡಿದ್ದೀರಾ?" ಎಂದು ಕೇಳಿದಳು.

"ಇಲ್ಲಮ್ಮ. ನನ್ನದಲ್ಲದ್ದು, ಬಿಚ್ಚುದು ಹೇಗೆ?"

"ಬನ್ನಿ, ನೋಡಿ."

ಪುಟ್ಟ ಚೌಕಗಳಲ್ಲಿ ಎಳೆಯ ಹೆಂಗಸೊಬ್ಬಳು ಕ್ಯಾಮೆರಾದ ಎದುರು ಬಂದು, ಶುರು ಮಾಡಿ ಎನ್ನುವಂತೆ ಎಡಗೈ ಎತ್ತಿದ್ದಳು. ಐದೂ ಬೆರಳು ನೆಟ್ಟಗೆ ಅರಳಿದ್ದವು.

"ಅಮ್ಮನ ಕೈ," ಎಂದರು ದಯಾನಂದ. "ಕಲೆಯೇ ಇಲ್ಲ ನೋಡಿ." ಅಷ್ಟು ಹೇಳಿ ಕೈಮುಗಿದು ಅತ್ತುಬಿಟ್ಟರು.

3.30ಕ್ಕೆ ದಸ್ತಗಿರಿ. ಬೇಡಿ ಹಾಕಲಿಲ್ಲ. ಜಾಮೀನಿಗೆ ತನ್ನ ಆಕ್ಷೇಪಣೆ ಇಲ್ಲವೆಂದು ಪ್ರಣೀತಾ ಅಲ್ಲೇ ಬರೆದುಕೊಟ್ಟಳು. ನ್ಯಾಯಾಲಯದ ಒಪ್ಪಿಗೆ ಪಡೆದು ರೀಲನ್ನು ಪ್ರತಿ ತೆಗೆಯುವ ಪ್ರಯೋಗಾಲಯಕ್ಕೆ ಕಳಿಸುವುದಾಗಿ ಯತಿನ್ ಒಪ್ಪಿಕೊಂಡರು. ಪ್ರತಿ ಬಂದ ದಿನ ಮುಂದಿನ ಸಾಲಿನ ಮೊದಲ ಕುರ್ಚಿ ದಯಾನಂದನದು ಎಂದು ಪುಂಡರೀಕಾಕ್ಷ ಮೂರು ಸಲ ಹೇಳಿದರು.

ಠಾಣೆಯಲ್ಲಿ ಡೈರಿ ಬರೆಯುತ್ತಾ ಯತಿನ್ ಒಂದು ಕಡೆ ಪೆನ್ನು ನಿಲ್ಲಿಸಿದರು.

"ಅಪರಾಧದ ಉದ್ದೇಶ ಅಂತ ಇದೆ. ಏನು ಬರೆಯಲಿ ದಯಾನಂದಣ್ಣ?"



"ಅವರ ಕೈಯ ಗಂಜಿ ಉಂಡಿದ್ದ ಅಂತ ಬರೆಯಿರಿ ಸರ್."

ಯತಿನ್ ಹಾಗೆಯೇ ಬರೆದರು.