ನೂರು ಎಂಟು

"ಅಲ್ಲ, ಎಂಟೇ ಯಾಕೆ? ಸೊನ್ನೆ ಏನು ಪಾಪ ಮಾಡಿತ್ತು?"

ಗಡಿಬಿಡಿ ಯಾರನ್ನೂ ಕೇಳಿದ್ದಲ್ಲ. ಲ್ಯಾಬಿನ ಆ ಮೂಲೆಯಲ್ಲಿ ಇದ್ದದ್ದು ಒಂದು ಫ್ರಿಜ್ಜು ಮಾತ್ರ. ಅದೂ ಗೊರಗೊರ ಗೊರಕೆ ಹೊಡೆಯುತ್ತಿತ್ತು.

ಒಂದೇ ಶೂ ಹಾಕಿಕೊಂಡು ಶಾಲೆಗೆ ಓಡುವ ಹುಡುಗಿ. ಅದಕ್ಕೇ ಮನೆಯಲ್ಲಿ ಅವಳಿಗೆ ಆ ಹೆಸರು.

ತರಕಾರಿಯಲ್ಲಿ ಕೀಟನಾಶಕ ಇದೆಯಾ ಎಂದು ಪತ್ತೆ ಹಚ್ಚುವುದು ಅತ್ತೆಯ ಕೆಲಸ. ಅವಳ ಹತ್ತಿರ ಪೆನ್ನಿನಂಥ ಒಂದು ಕಡ್ಡಿ ಇತ್ತು. ಎಲೆಕ್ಟ್ರೋಡ್ ಅಂತ ಅದರ ಹೆಸರು. ತುದಿಯಲ್ಲಿ ಕಾರ್ಬನ್ನಿನ ಕಪ್ಪು ಚುಕ್ಕೆ. ಆ ಚುಕ್ಕೆಗೆ ಅತ್ತೆ ಒಂದು ಹನಿ ಲೇಪ ಹಚ್ಚುತ್ತಾಳೆ. ಕೀಟನಾಶಕ ಸಿಕ್ಕಿದರೆ ಲೇಪ ಅದನ್ನು ಗಬಕ್ಕನೆ ಹಿಡಿದುಕೊಳ್ಳುತ್ತದೆ. ಆಗ ಕಂಪ್ಯೂಟರಿನ ಗೆರೆ ಗುಡ್ಡದ ಹಾಗೆ ಎದ್ದು ನಿಲ್ಲುತ್ತದೆ.

ಪ್ರತಿ ಸಲವೂ ಹಳೇ ಲೇಪವನ್ನು, ಅದು ಹಿಡಿದದ್ದರ ಸಮೇತ, ಉಜ್ಜಿ ತೆಗೆಯಬೇಕು. ಒದ್ದೆ ಬಟ್ಟೆ, ಅದರ ಮೇಲೆ ಬಿಳಿ ಪುಡಿ, ಅದರ ಮೇಲೆ ಕಡ್ಡಿಯಿಂದ ನೂರು ಸಲ ಇಂಗ್ಲಿಷಿನ ಎಂಟು ಬರೆಯಬೇಕು. ಇವತ್ತು ಆ ಕೆಲಸ ಗಡಿಬಿಡಿಯದು.

"ಸೊನ್ನೆ ಸುತ್ತಿದ್ರೆ ಒಂದೇ ಕಡೆ ಸವೆಯುತ್ತೆ ಕಣೇ. ನೂರಾಯ್ತಾ?" ಅತ್ತೆ ಆಚೆಯಿಂದ ಕೂಗಿದಳು.

"ಆಯ್ತಾಯ್ತು!"

ಆಗಿದ್ದು ಹನ್ನೆರಡು.

ತಾತ ಟೊಮ್ಯಾಟೊ ಚೀಲ ತಬ್ಬಿಕೊಂಡು ಸ್ಟೂಲಿನ ಮೇಲೆ ಕೂತಿದ್ದರು. "ಇದಕ್ಕೂ ಔಷಧಿ ಹೊಡೆದಿದ್ದೀರಾ?" ಅಂತ ಎದುರುಮನೆ ಆಂಟಿ ಕೇಳಿದ್ದೇ ತಡ, ತಾತನಿಗೆ ಎಲ್ಲಿಲ್ಲದ ಕೋಪ ಬಂದಿತ್ತು. ತಾರಸಿಯ ಗಿಡಗಳ ಜೊತೆ ದಿನಾ ಮಾತಾಡುವ ತಾತ ಅವರು. "ಪರೀಕ್ಷೆ ಮಾಡಿಸಿ ಚೀಟಿ ತರ್ತೀನಿ!" ಅಂತ ಹೊರಟೇಬಿಟ್ಟಿದ್ದರು.

ಅತ್ತೆ ಹೊಸ ಲೇಪ ಹಚ್ಚಿ, ಕಡ್ಡಿಯನ್ನು ಟೊಮ್ಯಾಟೊ ರಸದಲ್ಲಿ ಅದ್ದಿದಳು. ಗೆರೆ ನಿಧಾನಕ್ಕೆ ಹೊರಟಿತು. ನಡುವೆ ದಪ್ಪ ಗುಡ್ಡ ಎದ್ದಿತು.

"ಅಪ್ಪಾ... ಔಷಧಿ ಇದೆ."

"ನಾನು ಹೊಡೆದೇ ಇಲ್ಲವಲ್ಲೇ!"

ತಾತನ ಮುಖ ಬಾಡಿದ ಸೊಪ್ಪಿನಂತಾಯಿತು. "ನಮ್ಮ ಬೀದಿಯ ಮಕ್ಕಳಿಗೆಲ್ಲ ನಾನೇ ಕಿತ್ತು ತಿನ್ನಿಸಿದ್ದೆನಲ್ಲಮ್ಮ," ಅನ್ನುತ್ತಾ ಚೀಲ ಹಿಡಿದು ಕಸದ ಡಬ್ಬಿಯ ಕಡೆ ನಡೆದರು.

ಗಡಿಬಿಡಿ ಕಂಪ್ಯೂಟರಿನ ಕಡೆ ಬಗ್ಗಿ ನೋಡಿದಳು. ಬೆಳಿಗ್ಗೆ ಅಂಗಡಿಯ ಹೂಕೋಸು ಎಬ್ಬಿಸಿದ್ದ ಗುಡ್ಡವೂ ಇದೇ ಜಾಗದಲ್ಲಿತ್ತು!

"ತಾತಾ, ಬಿಸಾಕಬೇಡ! ಅತ್ತೇ... ನೂರಲ್ಲ. ಹನ್ನೆರಡು."

ಅತ್ತೆ ಕಣ್ಣು ಕಿರಿದು ಮಾಡಿ ನೋಡಿದಳು. ಆಮೇಲೆ ತನ್ನ ಹಣೆಗೇ ತಾನು ಚಟ್ಟನೆ ಹೊಡೆದುಕೊಂಡಳು. "ಕಡ್ಡಿ ಶುದ್ಧವಾಗಿದೆಯಾ ಅಂತ ಮೊದಲು ಖಾಲಿ ನೀರಲ್ಲಿ ಅದ್ದಿ ನೋಡ್ಬೇಕಿತ್ತು. ನನಗೂ ನಿನ್ನ ಗಾಳಿ ಬಡೀತು ನೋಡು! ತಗೋ ಕಡ್ಡಿ."

ಒಂದು, ಎರಡು, ಮೂರು... ನಲವತ್ತಕ್ಕೆ ಮೂಗು ತುರಿಸಿತು. ಎಪ್ಪತ್ತಕ್ಕೆ ಮಣಿಕಟ್ಟು ನೋಯಿತು. ತೊಂಬತ್ತಕ್ಕೆ ಲೆಕ್ಕ ತಪ್ಪಿತೇನೋ ಅನ್ನಿಸಿ, ನೂರರ ಮೇಲೆ ಇನ್ನೂ ಹತ್ತು ಸೇರಿಸಿದಳು.

ಅತ್ತೆ ಈ ಸಲ ಮೊದಲು ಖಾಲಿ ನೀರು ನೋಡಿದಳು. ಆಮೇಲೆ ಟೊಮ್ಯಾಟೊ ರಸ. ತಾತ ಉಸಿರು ಬಿಗಿಹಿಡಿದರು. ಗೆರೆ ಈ ತುದಿಯಿಂದ ಆ ತುದಿಯವರೆಗೆ ಚಾಪೆ ಹಾಸಿ ಮಲಗಿತು.

"ನೋಡಿದ್ರಾ!" ತಾತ ಎದ್ದುನಿಂತ ರಭಸಕ್ಕೆ ಸ್ಟೂಲು ಉರುಳಿತು. ಜೇಬಿನಿಂದ ಹಸಿ ಮೆಣಸಿನಕಾಯಿ ಹೊರಬಂತು. "ಇದರ ರಸಾನೂ ನೋಡಿಬಿಡಿ, ಬೇಗ! ಮತ್ತೆ ಉಜ್ಜೋದೆಲ್ಲ ಬೇಡ. ಕಡ್ಡಿಯಲ್ಲಿ ಈಗ ಇದ್ದದ್ದು ನನ್ನ ಟೊಮ್ಯಾಟೊ ತಾನೆ? ಅಪ್ಪಟ ಚಿನ್ನ!"

ಗಡಿಬಿಡಿ ಆಗಲೇ ಬಟ್ಟೆ ಒದ್ದೆ ಮಾಡುತ್ತಿದ್ದಳು.

"ಆಗಲ್ಲ, ತಾತ," ಅಂದಳು.