ವೇರಿಯಾಕಿನ ಮೇಲಿನ ವಿಭೂತಿ

ಐವತ್ತೆರಡನೇ ಇಸವಿಯ ವಿಜಯದಶಮಿ. ಗವಿಪುರದ ಕಲ್ಯಾಣಮ್ಮನವರ ಅಡುಗೆಮನೆಯಲ್ಲಿ ಲಕ್ಷ್ಮೀದೇವಮ್ಮ ಇನ್ನೇನು ಎರಡನೇ ಒಬ್ಬಟ್ಟಿಗೆ ತುಪ್ಪ ಹಾಕಿಕೊಳ್ಳಬೇಕು, ಅಷ್ಟರಲ್ಲಿ ರೇಡಿಯೋ ರಿಪೇರಿಯ ಮುರುಗೇಶ ಬಾಗಿಲಲ್ಲಿ ಬಂದು ನಿಂತ. ಮುಖ ಸಪ್ಪಗಾಗಿತ್ತು. ಕಲ್ಯಾಣಮ್ಮ ಹೆಣ್ಣುಮಕ್ಕಳ ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಅಂದಿನಿಂದ ಸುತ್ತಮುತ್ತಲ ಬೀದಿಗಳ ಕಗ್ಗಂಟುಗಳೆಲ್ಲ ಅವರ ಮನೆಗೇ ಬರುತ್ತಿದ್ದವು, ಪಕ್ಕದ ಮನೆಯ ಲಕ್ಷ್ಮೀದೇವಮ್ಮ ಜೊತೆಗೆ ಹೋಗದ ಪತ್ತೆ ಒಂದೂ ಇರಲಿಲ್ಲ. ಹಬ್ಬದ ದಿನವೂ ಪುರುಸೊತ್ತಿಲ್ಲವಲ್ಲಪ್ಪ ಎಂದು ಗೊಣಗುತ್ತಲೇ ಆಕೆ ಕೈ ತೊಳೆದುಕೊಂಡರು.

"ಅಮ್ಮಾ, ಅದನ್ನ ನಾನು ಸುಟ್ಟಿಲ್ಲ. ನೀವು ಹೇಳಿದ್ರೆ ಮಾತ್ರ ಜನ ನಂಬ್ತಾರೆ," ಎಂದ ಮುರುಗೇಶ.

ಸಮಾಚಾರ ಇಷ್ಟು. ಶಂಕರಪುರದಲ್ಲಿ ಏಕಾಂತಯ್ಯನವರದು ದೊಡ್ಡ ಮನೆ, ಚಿಕ್ಕಪೇಟೆಯಲ್ಲಿ ರೇಷ್ಮೆ ವ್ಯಾಪಾರ. ಹೆಂಡತಿ ಸುಂದರಮ್ಮ ತೀರಿಕೊಂಡ ಮೇಲೆ ಅವರ ಮನೆಯ ರೇಡಿಯೋಗ್ರಾಂ, ಅಂದರೆ ರೇಡಿಯೋ ಗ್ರಾಮಫೋನು ಎರಡೂ ಒಂದರಲ್ಲೇ ಇರುವ ಪೆಟ್ಟಿಗೆ, ವರ್ಷಗಟ್ಟಲೆ ಅಟ್ಟದ ಮೇಲಿತ್ತು. ಈಗ ಮಗ ವೃಷಭೇಂದ್ರಪ್ಪ ಅದನ್ನು ಇಳಿಸಿ, ಮನೆಯ ಮುಂಗೋಣೆಯಲ್ಲಿ ಮುರುಗೇಶನ ಕೈಗೆ ಒಪ್ಪಿಸಿದ್ದ. ಕೆಲಸ ಚೆನ್ನಾಗಿ ಆದರೆ ಚಾಮರಾಜಪೇಟೆಯಲ್ಲಿ ಅಂಗಡಿಗೆ ಜಾಗ ಕೊಡುವ ಮಾತೂ ಆಗಿತ್ತು. ಬೆಳಿಗ್ಗೆ ಮುರುಗೇಶ ಹೋಗಿ ನೋಡಿದರೆ ಕೋಣೆಯೆಲ್ಲ ಸುಟ್ಟ ವಾಸನೆ, ಪೆಟ್ಟಿಗೆಯೊಳಗೆ ಕರೆಂಟು ಹಿಡಿದಿಡುವ ಕಂಡೆನ್ಸರುಗಳು ಒಡೆದು ಮೇಣ ಸುರಿದಿತ್ತು. ಇವನೇ ಅವಸರಪಟ್ಟು ಕರೆಂಟು ಏರಿಸಿದ್ದಾನೆ ಎಂದು ವೃಷಭೇಂದ್ರಪ್ಪ ಕೂಗಾಡಿ, ಅಂಗಡಿಯ ಮಾತು ಮುಗಿಯಿತು ಎಂದುಬಿಟ್ಟಿದ್ದ.

"ನನ್ನ ವೇರಿಯಾಕ್ ಇರೋದೇ ಅವಸರ ಮಾಡಬಾರದು ಅಂತ," ಎಂದ ಮುರುಗೇಶ. ಆ ಯಂತ್ರದ ಮಾತು ಬಂದ ಕೂಡಲೇ ಅವನ ಮುಖಕ್ಕೆ ಸ್ವಲ್ಪ ಕಳೆ ಬಂತು. ಮಿಲಿಟರಿಯವರು ಗುಜರಿಗೆ ಹಾಕಿದ್ದನ್ನು ತಂದು, ಕಿಲುಬು ಹಿಡಿದ ತಾಮ್ರದ ಸುತ್ತುಗಳನ್ನು ಉಜ್ಜಿ, ಸವೆದ ಇಂಗಾಲದ ತುಂಡಿನ ಬದಲು ತಾನೇ ಅರೆದು ಮಾಡಿದ್ದನ್ನು ಕೂರಿಸಿದ್ದನಂತೆ. ಗೋಡೆಯ ಕರೆಂಟು ಅದರ ಮೂಲಕ ಹಾದರೆ, ನಾಬು ತಿರುಗಿಸಿದಷ್ಟೇ ವೋಲ್ಟು ಆಚೆ ಬರುತ್ತದೆ. ಬಹಳ ಕಾಲ ಸುಮ್ಮನಿದ್ದ ಕಂಡೆನ್ಸರಿಗೆ ಸೊನ್ನೆಯಿಂದ ದಿನವೂ ಸ್ವಲ್ಪ ಸ್ವಲ್ಪ ಏರಿಸುತ್ತಾ ಹೋಗಬೇಕು, ಒಂದೇ ಸಲ ಪೂರ್ತಿ ಕೊಟ್ಟರೆ ಸಿಡಿಯುತ್ತದೆ.

"ಲಂಘನ ಮಾಡಿದವರಿಗೆ ಮೊದಲು ಗಂಜಿ ಕೊಡ್ತೀವಲ್ಲ, ಹಾಗೆ," ಎಂದರು ಲಕ್ಷ್ಮೀದೇವಮ್ಮ. ಕಲ್ಯಾಣಮ್ಮ ಅಪರೂಪಕ್ಕೆ ತಲೆಯಾಡಿಸಿದ್ದರಿಂದ ಆಕೆಗೆ ಒಬ್ಬಟ್ಟು ತಪ್ಪಿದ ಬೇಜಾರು ಅರ್ಧ ಇಳಿಯಿತು.

ಶಂಕರಪುರದ ಮುಂಗೋಣೆಯಲ್ಲಿ ಹಿಂದಿನ ದಿನದ ಆಯುಧಪೂಜೆ ಹಾಗೇ ಇತ್ತು. ವೇರಿಯಾಕಿನ ನಾಬಿನಿಂದ ಡಯಲಿನ ಆಚೆಯವರೆಗೂ ಅಡ್ಡಲಾಗಿ ವಿಭೂತಿಯ ಮೂರು ಪಟ್ಟೆ, ಒಣಗಿ ಗಟ್ಟಿಯಾಗಿದ್ದವು. ಮೂರನೇ ಪಟ್ಟೆ ಕೊಂಚ ಕೆಳಕ್ಕೆ ಜಾರಿತ್ತು. ಪೂಜೆ ಮಾಡಿದ್ದು ಏಕಾಂತಯ್ಯನವರೇ, ಅವರ ಉಂಗುರದ ಬೆರಳು ಸೊಟ್ಟಗಿದೆ, ಅವರು ಎಲ್ಲಿ ಬಳಿದರೂ ಹಾಗೇ ಎಂದು ಮುರುಗೇಶ ಹೇಳಿದ. ಪೂಜೆಗೆ ಮುಂಚೆ ತಾನು ರೇಡಿಯೋಗ್ರಾಮಿನ ವೈರನ್ನು ಬಿಚ್ಚಿ ಸುತ್ತಿಟ್ಟಿದ್ದಾಗಿಯೂ ಹೇಳಿದ. ಈಗ ಆ ವೈರು ಗೋಡೆಯ ಪ್ಲಗ್ಗಿನ ಕೆಳಗೆ ಬಿದ್ದಿತ್ತು.

ಕಲ್ಯಾಣಮ್ಮ ಪೆಟ್ಟಿಗೆಯ ಮುಚ್ಚಳ ಎತ್ತಿದರು. ರೆಕಾರ್ಡು ಇಡುವ ತಟ್ಟೆ ಹಳೇ ಕಾಲದ್ದು, ಕೀ ಕೊಟ್ಟರೆ ತಿರುಗುತ್ತದೆ. ಕರೆಂಟು ಬೇಕಾಗುವುದು ದನಿಗೆ ಮಾತ್ರ. ಅವರು ತಡೆ ಸರಿಸಿದ್ದೇ ತಡ, ತಟ್ಟೆ ಗಿರ್ರನೆ ತಿರುಗತೊಡಗಿತು, ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ರೆಕಾರ್ಡಿನ ಮೇಲೆ ಇಳಿಸುವ ತೋಳಿನ ತುದಿಯಲ್ಲಿ ಹೊಸ ಮುಳ್ಳು ಹೊಳೆಯುತ್ತಿತ್ತು.

"ತಟ್ಟೆಗೆ ನಾನಿನ್ನೂ ಕೈ ಹಚ್ಚಿರ್ಲಿಲ್ಲಮ್ಮ," ಎಂದ ಮುರುಗೇಶ.

ಲಕ್ಷ್ಮೀದೇವಮ್ಮನ ಅನುಮಾನ ಆಗಲೇ ರಾಮಾನುಜನ ಮೇಲೆ ಹೋಗಿತ್ತು. ಚಾಮರಾಜಪೇಟೆಯಲ್ಲಿ ಅವನದೂ ರೇಡಿಯೋ ಅಂಗಡಿ. ಪೂಜೆಗೆ ಬಂದು ಕಡಲೆಪುರಿ ತಿನ್ನುತ್ತಾ, ಇಂಥ ಪೆಟ್ಟಿಗೆಯನ್ನು ಹುಡುಗನ ಕೈಗೆ ಕೊಟ್ಟು ಕೆಡಿಸಿಕೊಳ್ಳುತ್ತೀರಿ ಎಂದು ಚುಚ್ಚಿ ಹೋಗಿದ್ದನಂತೆ. ಕಳ್ಳ ಸಿಕ್ಕಿದ ಎಂದು ಆಕೆ ಪಿಸುಗುಟ್ಟಿದರು. ಕಲ್ಯಾಣಮ್ಮ ಕೇಳಿಸದವರಂತೆ ಯಜಮಾನರನ್ನು ಮಾತಾಡಿಸಲು ಒಳಗೆ ನಡೆದರು. ಏಕಾಂತಯ್ಯ ಶಾಲು ಹೊದ್ದು ಮಲಗಿದ್ದರು. ದಿನಾ ಬೆಳಿಗ್ಗೆ ಬಂದು ಯಾವಾಗ ಹಾಡುತ್ತೆ ಎಂದು ಮುರುಗೇಶನನ್ನು ಪೀಡಿಸುತ್ತಿದ್ದವರು ಅಂದು ಹೊರಕ್ಕೇ ಬಂದಿರಲಿಲ್ಲ. ದಿಂಬಿನ ಪಕ್ಕದಲ್ಲಿ ರೇಷ್ಮೆ ಬಟ್ಟೆ ಸುತ್ತಿದ ದುಂಡಗಿನದೊಂದು ಇತ್ತು. ಪೂಜೆಯ ಬೆಳ್ಳಿ ತಟ್ಟೆ ಇರಬೇಕು ಎಂದುಕೊಂಡರು ಲಕ್ಷ್ಮೀದೇವಮ್ಮ.

ಸಂಜೆ ಬನ್ನಿ ಹಂಚಿ ಮುಗಿದ ಮೇಲೆ ಎಲ್ಲರೂ ಮುಂಗೋಣೆಯಲ್ಲಿ ಸೇರಿದರು. ರಾಮಾನುಜನಿಗೂ ಹೇಳಿಕಳಿಸಿದ್ದರು. ಏಕಾಂತಯ್ಯ ಬಾಗಿಲ ಬಳಿ ಕುರ್ಚಿಯಲ್ಲಿ ಕೂತಿದ್ದರು.

ಕಲ್ಯಾಣಮ್ಮ ಪಾಠ ಹೇಳುವವರ ಹಾಗೆ ವೇರಿಯಾಕಿನ ಪಕ್ಕ ನಿಂತರು. "ವೃಷಭೇಂದ್ರಪ್ಪನೋರೇ, ಈ ನಾಬು ಕೂದಲೆಳೆಯಷ್ಟು ತಿರುಗಿದ್ರೂ ಪಟ್ಟೆ ತುಂಡಾಗ್ಬೇಕಿತ್ತು. ಆಗಿಲ್ಲ. ಹೊಸದಾಗಿ ಬಳಿದಿದಾರೆ ಅನ್ನೋ ಹಾಗೂ ಇಲ್ಲ, ಸೊಟ್ಟ ಬೆರಳಿನ ಗುರುತು ಹಾಗೇ ಇದೆ. ಅಂದ್ಮೇಲೆ ಪೂಜೆ ಆದ್ಮೇಲೆ ವೇರಿಯಾಕನ್ನ ಯಾರೂ ಮುಟ್ಟಿಲ್ಲ. ವೈರನ್ನ ನೇರವಾಗಿ ಗೋಡೆಗೇ ಕೊಟ್ಟಿದಾರೆ. ಗಂಜಿ ಮೊದಲು ಅಂತ ಗೊತ್ತಿರೋ ಮುರುಗೇಶ ಆ ಕೆಲಸ ಮಾಡ್ತಾನಾ?"

ಎಲ್ಲರ ಕಣ್ಣೂ ರಾಮಾನುಜನ ಕಡೆ ತಿರುಗಿದವು. ಅವನು ಬೆವರಿದ. ಕೆಡಿಸಲು ಬಂದವನು ಹೊಸ ಮುಳ್ಳು ಹಾಕಿ, ಪೂರ್ತಿ ಕೀ ಕೊಟ್ಟು ಕೂರುವುದಿಲ್ಲ ಎಂದು ಕಲ್ಯಾಣಮ್ಮ ಅವನನ್ನೂ ಬಿಡಿಸಿದರು. ಬಂದವರಿಗೆ ಹಾಡು ಕೇಳಬೇಕಿತ್ತು. ಮುರುಗೇಶ ದಿನವೂ ವೇರಿಯಾಕಿಗೆ ಪ್ಲಗ್ಗು ಹಾಕುವುದನ್ನು ಅವರು ನೋಡಿದ್ದರು, ಯಾಕೆಂದು ಮಾತ್ರ ತಿಳಿದಿರಲಿಲ್ಲ. ಪೂಜೆ ಮಾಡಿದ ಆಯುಧವನ್ನು ಮಾರನೆಯ ದಿನದವರೆಗೆ ಮುಟ್ಟಬಾರದು ಎಂಬ ನಿಷ್ಠೆಯವರು, ಆದ್ದರಿಂದ ಅದನ್ನು ಬಿಟ್ಟು ಗೋಡೆಗೆ ಹಾಕಿದರು. ಕಲ್ಯಾಣಮ್ಮ ಇಷ್ಟೇ ಹೇಳಿದರು. ರೇಷ್ಮೆ ಬಟ್ಟೆಯ ಮಾತು ಎತ್ತಲಿಲ್ಲ. ಲಕ್ಷ್ಮೀದೇವಮ್ಮನಿಗೆ ಆಗ ಹೊಳೆಯಿತು, ಅದು ಬೆಳ್ಳಿ ತಟ್ಟೆಯಲ್ಲ!

ಏಕಾಂತಯ್ಯ ಶಾಲಿನೊಳಗಿಂದ ಬಟ್ಟೆಯ ಗಂಟನ್ನು ತೆಗೆದು ಬಿಚ್ಚಿದರು. ಹೆಸರಿನ ಚೀಟಿಯಿಲ್ಲದ ಒಂದು ಕಪ್ಪು ರೆಕಾರ್ಡು.

"ನಿಮ್ಮಮ್ಮನದು ಕಣಪ್ಪ," ಎಂದರು ಮಗನಿಗೆ. "ಮನೆ ಹೆಂಗಸು ಹಾಡಿ ರೆಕಾರ್ಡು ಕೊಟ್ಟಳು ಅಂದ್ರೆ ನಮ್ಮಪ್ಪ ಮನೆಗೆ ಸೇರಿಸ್ತಿರ್ಲಿಲ್ಲ. ಕದ್ದು ಕರ್ಕೊಂಡ್ಹೋಗಿ ಹಾಡಿಸಿದ್ದೆ. ಮೆದು ರೆಕಾರ್ಡು, ಈ ಪೆಟ್ಟಿಗೆ ಬಿಟ್ಟು ಬೇರೆ ಗ್ರಾಮಫೋನಿಗೆ ಹಾಕಿದ್ರೆ ಗೀರಿಹೋಗುತ್ತೆ ಅಂತ ರೆಕಾರ್ಡು ಮಾಡಿದೋರು ಅಂದಿದ್ರು. ಮೊನ್ನೆಯಿಂದ ಅವಳ ದನಿ ನೆನಪಿಗೇ ಬರ್ತಿಲ್ಲ. ಹೆದರಿಕೆ ಆಗೋಯ್ತು, ರಾತ್ರಿ ನಾನೇ ಪ್ಲಗ್ಗು ಹಾಕ್ಬಿಟ್ಟೆ." ಆಮೇಲೆ ಮುರುಗೇಶನತ್ತ ಕೈ ಮುಗಿದರು. "ಬೆಳಿಗ್ಗೆ ನಿನ್ನನ್ನ ಬೈತಿದ್ದಾಗ ಬಾಯಿ ಬಿಡಲಿಲ್ಲ. ತಪ್ಪು ನಂದು, ಮಗೂ."

ಮುರುಗೇಶ ಓಡಿಬಂದು ಆ ಕೈ ಹಿಡಿದುಕೊಂಡ. ವೃಷಭೇಂದ್ರಪ್ಪ ಅವನಿಗೆ, ಅಂಗಡಿಯ ಬೀಗದಕೈ ನಾಳೆಯೇ ಬಂದು ತೆಗೆದುಕೊಂಡು ಹೋಗು ಎಂದ. ರಾಮಾನುಜ ಗಂಟಲು ಸರಿಮಾಡಿಕೊಂಡು, ತನ್ನ ಅಂಗಡಿಯಲ್ಲಿ ಹೊಸ ಕಂಡೆನ್ಸರುಗಳಿವೆ, ಕೊಡುತ್ತೇನೆ ಎಂದ. ಲಕ್ಷ್ಮೀದೇವಮ್ಮ ಮನಸ್ಸಿನಲ್ಲೇ ಅವನ ಕ್ಷಮೆ ಕೇಳಿದರು.

ಹುಣ್ಣಿಮೆಯ ಹೊತ್ತಿಗೆ ಎಲ್ಲ ಸಿದ್ಧವಾಯಿತು. ತಟ್ಟೆ ತಿರುಗುತ್ತಿತ್ತು. ಮುರುಗೇಶ ವೇರಿಯಾಕಿನ ನಾಬನ್ನು ನಿಧಾನವಾಗಿ ಏರಿಸಿದ. ಮೊದಲು ಬರೀ ಗುಂಯ್ ಎಂಬ ಸದ್ದು, ಆಮೇಲೆ ದೂರದಲ್ಲೆಲ್ಲೋ ಒಂದು ಹೆಣ್ಣು ದನಿ. ನಾಬು ಏರಿದ ಹಾಗೆ ದನಿ ಹತ್ತಿರವಾಗುತ್ತಾ ಬಂದು ಕೋಣೆ ತುಂಬಿತು. ಅದೊಂದು ಜೋಗುಳ. ವೃಷಭೇಂದ್ರಪ್ಪ ಗೋಡೆಯ ಕಡೆ ಮುಖ ಮಾಡಿ ನಿಂತ. ಹಾಡು ಮುಗಿದ ಮೇಲೆ ತಟ್ಟೆ ಒಂದು ಸುತ್ತು ಬರಿದೇ ತಿರುಗಿತು. ಆಗ ಅದೇ ದನಿ ಮೆಲ್ಲಗೆ, ಯಾರನ್ನೋ ಕೇಳಿತು:

"ಸಾಕೇನ್ರೀ?"

"ಸಾಲ್ದು ಕಣೇ," ಎಂದರು ಏಕಾಂತಯ್ಯ.

ವೃಷಭೇಂದ್ರಪ್ಪ ಕಣ್ಣೊರೆಸಿಕೊಂಡು ಬಂದು, ತಾನೇ ತಟ್ಟೆಗೆ ಕೀ ಕೊಡಲು ಕೂತ.